ಅಳುವಿನಲ್ಲಿ ಮೂರು ಬಗೆ

“‘ವೀಪ್’ ಅಂದರೆ ಕಣ್ಣಿನ ಕೆಲಸ. ‘ಸಾಬ್’ ಎದೆಯದು,” ಎಂದು ಸೆಲ್ವರಾಜ ಭುಜ ಕುಲುಕಿಸಿ ಬಿಕ್ಕಿ ತೋರಿಸಿದ. ಬಂಗಾರಪೇಟೆಯ ಟ್ಯುಟೋರಿಯಲ್ ಮಹಡಿಯಲ್ಲಿ ಅವನ ಇಂಗ್ಲಿಷ್ ಪಾಠದ ಹುಡುಗರು ಚಪ್ಪಾಳೆ ತಟ್ಟಿದರು. ನಿಘಂಟು ‘ಅಳು’ ಎಂಬ ಒಂದೇ ಗೂಟಕ್ಕೆ ಕಟ್ಟಿಹಾಕಿದ ಪದಗಳನ್ನು ಅವನ ಮೈ ಬಿಡಿಸಿ ಬೇರೆಬೇರೆ ಮಾಡುತ್ತಿತ್ತು. ಇಡೀ ತಾಲ್ಲೂಕಿನಲ್ಲಿ ಈ ಕಸುಬು ಅವನೊಬ್ಬನಿಗೇ ಬರುತ್ತಿತ್ತು. ಇದು ಅವನದೇ ಅಭಿಪ್ರಾಯ, ಆದರೂ ನಿಜ.

ಫೋನು ನಡುಗಿತು. ತಂಗಿ ಕಲಾ.

“ಅಣ್ಣಾ, ಅಪ್ಪ ಓಗ್ಬಿಟ್ರು.”

“ಯಾವಾಗ?”

“ಈಗ್ಲೇ. ಬತ್ತೀಯಾ?”

“ಬರದೆ ಇರ್ತೀನಾ?”

ಬಾಯಿ ಬಡಿದುಕೊಳ್ಳುವ ‘ವೇಲ್’ ಪಾಠದಲ್ಲಿ ಇನ್ನೂ ಬಾಕಿಯಿತ್ತು. ಅದನ್ನೂ ಮುಗಿಸಿಯೇ ಅವನು ಬಸ್ಸು ಹತ್ತಿದ.

ಗಣಿಯೂರು ಚಾಂಪಿಯನ್ ರೀಫ್ಸ್ ತಲುಪುವಷ್ಟರಲ್ಲಿ ಅಪ್ಪನಿಗೆ ಯಾವ ಅಳು ಎಂಬ ಲೆಕ್ಕ ಸ್ಪಷ್ಟವಾಗಿತ್ತು. ಮೂವತ್ತು ವರ್ಷ ಚಿನ್ನದ ಗಣಿಗೆ ಇಳಿದು ಹತ್ತಿದ ಮನುಷ್ಯ, ಮಾತು ಕಡಿಮೆ. ಅಂಥವರಿಗೆ ಗದ್ದಲ ಒಪ್ಪದು. ಕಣ್ಣಷ್ಟೇ ಸಾಕು.

ಬೆಂಚಿನ ಮೇಲೆ ಅಪ್ಪ ಪೆರುಮಾಳ್ ಹಣೆಗೆ ಕಾಸು ಅಂಟಿಸಿಕೊಂಡು ಮಲಗಿದ್ದರು. ಸೆಲ್ವರಾಜ ಕಣ್ಣು ಒದ್ದೆ ಮಾಡಿಕೊಂಡ.

“ಅಳ್ಲಾ ಸೆಲ್ವಾ,” ಸೋದರತ್ತೆ ಅಮ್ಮಾಜಮ್ಮ ತಿವಿದಳು. “ಬಿಸ್ಲು ಏರ್ತಾ ಐತೆ.”

“ಅಳ್ತಾ ಇದ್ದೀನಲ್ಲ, ಅತ್ತೆ.”

“ಇದಾ? ಒಲೆ ಊದಿ ಕಣ್ಣೊರಸ್ಕೊಂಡಂಗೈತೆ! ಬೀದಿಗೆ ಕೇಳಿಸ್ಬೇಕು ಕಣ್ಲಾ.”

ಗಂಡುಮಗನ ಅಳು ಹೊಸ್ತಿಲು ದಾಟಿ ಕೇಳಿಸದೆ ಗಣಿ ಕೂಲಿಗಳ ಆ ಲೈನಿನ ಮನೆಗಳಲ್ಲಿ ಹೆಣ ಎತ್ತುವಂತಿರಲಿಲ್ಲ. ಹೊರಗೆ ನಾಲ್ಕು ಜನ ಚಟ್ಟ ಕಟ್ಟಿ, ಬೀಡಿ ಸೇದಿ, ಮತ್ತೆ ಒಳಗೆ ಬಗ್ಗಿ ನೋಡಿದರು.

ಅವನು ಅಪ್ಪನ ಕಾಲು ಹಿಡಿದು ಕೂತ. ಗಂಟಲಿಗೆ ಬಂದದ್ದಕ್ಕೆಲ್ಲ ಒಂದೊಂದು ಹೆಸರಿತ್ತು. ಪಾಠದಲ್ಲಿಲ್ಲದ ನಾಲ್ಕನೆಯ ಅಳೊಂದು ಇರಲೇಬೇಕು, ಇಷ್ಟು ವರ್ಷದ ಅಪ್ಪನಿಗೆ. ಒಳಗೆಲ್ಲ ತಡಕಿದ. ಕೈಗೆ ಏನೂ ಹತ್ತಲಿಲ್ಲ. ಅಪ್ಪನ ಹೆಬ್ಬೆರಳು ತಣ್ಣಗಿತ್ತು. ಅದೂ ಮಾಹಿತಿಯಂತೆ ತಲೆಗೆ ಹೋಯಿತು.

“ಎಷ್ಟೊತ್ಲಾ?” ಎಂದಳು ಅತ್ತೆ.

ಸೆಲ್ವರಾಜ ಬಿಕ್ಕಿದ. ಎದೆ ಹಿಂಡಿತು, ಭುಜ ಕುಲುಕಿತು, ಉಸಿರು ಸರಿಯಾದ ಜಾಗದಲ್ಲೇ ತುಂಡಾಯಿತು. ಬೆಳಿಗ್ಗೆಗಿಂತ ಚೆನ್ನಾಗಿ ಬಂತು.

ಹೆಂಗಸರು ಹೋ ಎಂದರು. “ಅಂಗೆ, ನಮ್ಮಪ್ಪಾ, ಅಂಗೆ,” ಎಂದು ಅಮ್ಮಾಜಮ್ಮ ತಲೆ ಸವರಿದಳು. ಕಲಾ ಬಂದು ಅವನ ಕೊರಳಿಗೆ ಜೋತುಬಿದ್ದಳು. ಅವಳ ಗಂಟಲಿಂದ ಬರುತ್ತಿದ್ದುದು ಮೂರರಲ್ಲಿ ಯಾವುದೂ ಅಲ್ಲ ಎಂಬುದನ್ನು ಅವನು ಗಮನಿಸಿದ. ಅದು ಹೇಗೆ ಹೊರಡುತ್ತದೆಂದು ಕಿವಿಗೊಟ್ಟ. ಹಿಡಿಯಲಾಗಲಿಲ್ಲ.

ಬಾಗಿಲಾಚೆ ತಮಟೆಯವರು ಎದ್ದರು. ಅವನು ಬಿಕ್ಕುವ ಲಯವನ್ನೇ ಹಿಡಿದು ಬಾರಿಸತೊಡಗಿದರು: ಒಂದು ಬಿಕ್ಕು, ಒಂದು ಪೆಟ್ಟು. ಒಂದು ಬಿಕ್ಕು, ಒಂದು ಪೆಟ್ಟು.

ಆಮೇಲೆ ಒಂದು ಪೆಟ್ಟು ತಡವಾಯಿತು.

ಬಾಯಿ ತೆರೆದುಕೊಂಡು, ಬಿಕ್ಕದೆ, ಅವನು ಪೆಟ್ಟಿಗಾಗಿ ಕಾದ.