ಬಿಲ್ಲು, ಡಬ್ಬಿ ಸಹಿತ

ಬ್ಯಾಗು ಎತ್ತಿದ ಕೂಡಲೇ ವಿಜಯಲಕ್ಷ್ಮೀಯ ಕೈಗೆ ಗೊತ್ತಾಯಿತು. ತೂಕವಿರಲಿಲ್ಲ. ಜಿಪ್ ಎಳೆದು ನೋಡಿದಳು. ಫ್ಲ್ಯಾಶ್ ಒಂದು ಮೂಲೆಯಲ್ಲಿತ್ತು. ಕ್ಯಾಮರಾ ಇರಲಿಲ್ಲ, ಅದರ ದೊಡ್ಡ ಲೆನ್ಸೂ ಇರಲಿಲ್ಲ.

ಬಬಲೇಶ್ವರದ ಬಸ್ ನಿಲ್ದಾಣದ ಹತ್ತಿರ ಇದ್ದ ಆ ಸ್ಟುಡಿಯೋದ ಶಟರಿಗೆ ಎರಡೇ ಕೀಲಿಕೈ. ಒಂದು ಅವಳ ಹತ್ತಿರ, ಇನ್ನೊಂದು ತಮ್ಮ ಸಂಗುವಿನ ಹತ್ತಿರ. ಆರು ವರ್ಷದಿಂದ ಅವಳು ಲಗ್ನದ ಫೋಟೋ ತೆಗೆಯುತ್ತಿದ್ದಳು, ಅವನು ಲೈಟು ಹಿಡಿಯುತ್ತಿದ್ದ, ಗಿರಾಕಿಗಳ ಜೊತೆ ಮಾತಾಡುತ್ತಿದ್ದ. ಶುಕ್ರವಾರ ಸಂಜೆ ಕ್ಯಾಮರಾ ಒರೆಸಿ ಇಟ್ಟವಳು ಅವಳೇ. ಶನಿವಾರ ಗಂಡಿನ ಕಡೆಯವರು ನೋಡಲು ಬರುತ್ತಾರೆಂದು ಜೈನಾಪುರದ ಮನೆಯಲ್ಲೇ ಉಳಿದಿದ್ದಳು. ಇವತ್ತು ರವಿವಾರ. ಸಂಜೆ ತಿಕೋಟಾದಲ್ಲಿ ಗಿರಾಕಿಯೊಬ್ಬರ ಮನೆಯ ಅರಿಷಿಣ, ನಾಳೆ ಅಲ್ಲೇ ಲಗ್ನ.

ಅವಳು ತಲೆ ಎತ್ತಿ ಅಟ್ಟದ ಹಲಗೆ ನೋಡಿದಳು. ಅಲ್ಲಿ ಸಂಗು ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದ. ಫ್ಲ್ಯಾಶಿನ ಡಬ್ಬಿ, ಟ್ರೈಪಾಡಿನ ಡಬ್ಬಿ, ಸಣ್ಣ ಲೆನ್ಸಿನ ಡಬ್ಬಿ. ನಡುವೆ ಎರಡು ಡಬ್ಬಿಗಳಷ್ಟು ಜಾಗ ಖಾಲಿಯಾಗಿತ್ತು.

ಆ ಡಬ್ಬಿಗಳ ವಿಷಯಕ್ಕೆ ಅಕ್ಕ ತಮ್ಮಂದಿರಲ್ಲಿ ಮೊದಲ ದಿನದಿಂದ ಜಗಳ. ಅವಳು ಕೆಲಸ ಕಲಿತದ್ದು ವಿಜಯಪುರದ ಜೋರಾಪುರ ಪೇಟೆಯ ಅಬ್ದುಲಸಮದ ಅವರ ಹಳೆಯ ಸ್ಟುಡಿಯೋದಲ್ಲಿ. ಅವರು ಯಾವ ಡಬ್ಬಿಯನ್ನೂ ಇಟ್ಟುಕೊಂಡವರಲ್ಲ. "ಡಬ್ಬಿ ಏನ್ ಫೋಟೋ ತಗೀತೈತೇನ ಬೇಟಿ?" ಎಂದು ನಕ್ಕು, ನೀರು ಕಾಯಿಸುವ ಒಲೆಗೆ ಹಾಕುತ್ತಿದ್ದರು. ಹಾಗಾಗಿ ಹೊಸ ಕ್ಯಾಮರಾ ಬಂದ ದಿನ ವಿಜಯಲಕ್ಷ್ಮೀಯೂ ಡಬ್ಬಿಯನ್ನು ಕಸದ ಬುಟ್ಟಿಯ ಪಕ್ಕ ಇಟ್ಟಳು. ಸಂಗು ಓಡಿಬಂದು ಎತ್ತಿಕೊಂಡಿದ್ದ.

"ಹುಚ್ಚಿ ಅದೀ ಏನ ಅಕ್ಕಾ? ನಾಳೆ ಮಾರೂ ಮುಂದ ಎಲ್ಲಾರೂ ಮೊದಲ ಡಬ್ಬಿ ಕೇಳ್ತಾರ."

"ಮಾರಾಕ ತಂದಿಲ್ಲ ಇದನ್ನ."

"ಇರಲಿ ಬಿಡು. ನಿನಗ ಬ್ಯಾಡಾದ್ರ ನಾ ಕಾಯ್ತೇನಿ."

ಕಾಯ್ದ. ಒಳಗಿನ ಪ್ಲಾಸ್ಟಿಕ್ ಚೀಲ, ವೈರು ಕಟ್ಟಿದ್ದ ತಂತಿ, ಯಾರೂ ಓದದ ಪುಸ್ತಕ, ವಾರಂಟಿ ಕಾರ್ಡು, ಬಿಲ್ಲು, ಎಲ್ಲವನ್ನೂ ಒಳಗಿಟ್ಟು ಅಮಾವಾಸ್ಯೆಗೊಮ್ಮೆ ಅಂಗಡಿ ಪೂಜೆಯ ದಿನ ಧೂಳು ಒರೆಸುತ್ತಿದ್ದ. ಅವಳು ಅದನ್ನು ಅವನ ಹುಡುಗಾಟಿಕೆ ಎಂದುಕೊಂಡಿದ್ದಳು.

ಸ್ಟುಡಿಯೋದ ಕಂಪ್ಯೂಟರಿನಲ್ಲಿ ಸಂಗುವಿನ ವಾಟ್ಸ್ಯಾಪ್ ಸದಾ ತೆರೆದೇ ಇರುತ್ತಿತ್ತು. ಜಿಲ್ಲೆಯ ಫೋಟೋಗ್ರಾಫರುಗಳ ಗುಂಪಿನಲ್ಲಿ ಅವನು ಹಾಕಿದ ಚಿತ್ರ ಕಂಡಿತು. ಅವಳ ಕ್ಯಾಮರಾ, ಪ್ಲಾಸ್ಟಿಕ್ ಚೀಲದಲ್ಲಿ, ತೆರೆದ ಡಬ್ಬಿಯ ಪಕ್ಕ. ಕೆಳಗೆ ಬರೆದಿದ್ದ: "ಒಬ್ಬರೇ ಬಳಸಿದ್ದು. ಹೊಸದರಂತೆ ಇದೆ. ಬಿಲ್ಲು, ಡಬ್ಬಿ ಸಹಿತ." ಅದರ ಕೆಳಗೆ ಸುಶೀಲೇಂದ್ರ ಎನ್ನುವವರ ಜೊತೆ ಮಾತುಕತೆ, ಅಥಣಿ ರಸ್ತೆಯ ವಿಳಾಸ, ಬೆಳಿಗ್ಗೆ ಎಂಟು ಗಂಟೆಗೆ ದುಡ್ಡು ಮುಟ್ಟಿದ ಗುರುತು.

ಮೂರನೇ ಸಲಕ್ಕೆ ಸಂಗು ಫೋನ್ ಎತ್ತಿದ.

"ಕ್ಯಾಮರಾ ಎಲ್ಲೈತಿ?"

"ಅಕ್ಕಾ, ನಾನ ಹೇಳಾಂವ ಇದ್ದೆ..."

"ಎಲ್ಲೈತಿ ಲೇ?"

"ಮಾರೇನಿ. ಈಗ ಡಬ್ಬಿ ಗಿಬ್ಬಿ ಎಲ್ಲಾ ಚಲೋ ಐತಿ, ಚಲೋ ರೇಟ್ ಬಂತು. ಇನ್ನೊಂದ ವರ್ಷ ಬಿಟ್ರ ಯಾರೂ ಮೂಸಂಗಿಲ್ಲ. ಆ ದುಡ್ಡಿನಾಗ ಲಗ್ನದ ಮಂಟಪಕ್ಕ ಹಚ್ಚೂ ಎಲ್‌ಇಡಿ ಸ್ಕ್ರೀನ್ ತಗೊಂಡ್ರ ದಿನಾ ಕೆಲಸ ಐತಿ."

"ಯಾರ ಕ್ಯಾಮರಾ ಮಾರಿದಿ?"

"ಬಿಲ್ಲ ನನ್ನ ಹೆಸರಿಲೇ ಐತಿ ಅಕ್ಕಾ. ನೀ ಕಾರ್ತೀಕದಾಗ ಲಗ್ನ ಆಗಿ ಹೋಗಾಕಿ. ಅಲ್ಲಿ ಇದನ್ನ ತಗೊಂಡ ಏನ ಮಾಡ್ತಿ?"

"ಇವತ್ತ ಸಂಜೀಕ ತಿಕೋಟಾದಾಗ ಏನ ಹಿಡ್ಕೊಂಡ ನಿಂದರ್ಲಿ? ನಿನ್ನ ತಲಿ?"

"ಬಾಡಿಗಿ ಕ್ಯಾಮರಾ ಹೇಳೇನಿ..."

ಅವಳು ಫೋನ್ ಇಟ್ಟಳು. ಹಳೆಯ ಫೋಟೋಗಳಿದ್ದ ಹಾರ್ಡ್ ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು, ಶಟರ್ ಎಳೆದು, ಸ್ಕೂಟಿ ಹತ್ತಿದಳು.

ವಿಜಯಪುರದವರೆಗಿನ ದಾರಿಯುದ್ದಕ್ಕೂ ಅವಳಿಗೆ ಬಿಲ್ಲು ಬರೆದ ದಿನವೇ ಕಣ್ಣಮುಂದೆ ಬಂತು. ಹುಬ್ಬಳ್ಳಿಯ ಅಂಗಡಿ. ಅಬ್ದುಲಸಮದ ಅವರ ಕೈಕೆಳಗೆ ದುಡಿದು ಕೂಡಿಸಿದ ಹಣವನ್ನು ಅವಳೇ ಕೊಟ್ಟಿದ್ದಳು. ಕ್ಯಾಮರಾವನ್ನು ಕಣ್ಣಿಗಿಟ್ಟು ಪರೀಕ್ಷಿಸಿದವಳೂ ಅವಳೇ. ಆದರೆ ಅಂಗಡಿಯವನು ಪೆನ್ನು ಹಿಡಿದು ಅವಳನ್ನು ದಾಟಿ ಸಂಗುವಿನ ಮುಖ ನೋಡಿ, "ಹೆಸರೇನ್ರಿ ಸರ?" ಎಂದು ಕೇಳಿದ್ದ. ಸಂಗು ತನ್ನ ಹೆಸರು ಹೇಳಿದ. ಆಗ ಅವನಿಗೆ ಹತ್ತೊಂಬತ್ತು ವರ್ಷ. ಅವಳು ಪಕ್ಕದಲ್ಲೇ ನಿಂತಿದ್ದಳು, ಏನೂ ಅನ್ನಲಿಲ್ಲ. ನಮ್ಮ ಸಂಗುವಿನ ಹೆಸರೇ ಅಲ್ಲವೇ ಎಂದುಕೊಂಡಳು. ಆ ಅಂಗಡಿಯವನ ಮೇಲೆ, ತಮ್ಮನ ಮೇಲೆ ಬಂದಷ್ಟೇ ಸಿಟ್ಟು ಅವತ್ತು ಬಾಯಿ ಮುಚ್ಚಿಕೊಂಡು ನಿಂತ ತನ್ನ ಮೇಲೂ ಬಂತು.

ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಸಿಕ್ಕಿತು. ಬಾಗಿಲು ತೆರೆದವರು ಸುಶೀಲೇಂದ್ರನ ತಾಯಿ, ವತ್ಸಲಾಬಾಯಿ.

"ಯಾರ ಬೇಕಾಗಿತ್ತವಾ?"

"ಸುಶೀಲೇಂದ್ರ ಅವರು ಅದಾರೇನ್ರಿ? ನನ್ನ ಕ್ಯಾಮರಾ ಅವರ ಹತ್ರ ಐತಿ."

ಸುಶೀಲೇಂದ್ರ ಇಂಜಿನಿಯರು. ಮೊದಲ ಬಾರಿಗೆ ಇಷ್ಟು ದೊಡ್ಡ ಕ್ಯಾಮರಾ ಕೊಂಡಿದ್ದ. ಹಕ್ಕಿಗಳ ಫೋಟೋ ತೆಗೆಯುವ ಆಸೆ ಅವನದು. ಊಟದ ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಡಬ್ಬಿಯಿಂದ ಒಂದೊಂದೇ ವಸ್ತು ತೆಗೆದು ಇಟ್ಟಿದ್ದ. ಕ್ಯಾಮರಾ ಇನ್ನೂ ಪ್ಲಾಸ್ಟಿಕ್ಕಿನಲ್ಲೇ ಇತ್ತು.

ವಿಜಯಲಕ್ಷ್ಮೀ ಹತ್ತಿರ ಹೋಗಿ ನೋಡಿದಳು. ಹಿಡಿಯುವ ಜಾಗದಲ್ಲಿ ರಬ್ಬರು ಸಡಿಲಾಗಿತ್ತೆಂದು ಅವಳು ಸುತ್ತಿದ್ದ ಕಪ್ಪು ಟೇಪು ಇರಲಿಲ್ಲ. ಹೊಸ ರಬ್ಬರು ಅಂಟಿಸಲಾಗಿತ್ತು. ಅಡಿಯಲ್ಲಿದ್ದ ಗೀರುಗಳ ಮೇಲೆ ಯಾರೋ ಕಪ್ಪು ಮಸಿ ತಿಕ್ಕಿದ್ದರು. ತಾನು ಶನಿವಾರ ಸೀರೆ ಉಟ್ಟು ಗಂಡಿನ ಕಡೆಯವರಿಗೆ ಚಹಾ ಕೊಡುತ್ತಿದ್ದಾಗ ಸಂಗು ಸ್ಟುಡಿಯೋದಲ್ಲಿ ಕುಳಿತು ಇದನ್ನು ಮಾಡುತ್ತಿದ್ದ. ಇನ್ನೂರು ಲಗ್ನಗಳ ಗುರುತನ್ನು ಅಳಿಸಿ, ಯಾರೂ ಮುಟ್ಟಿಯೇ ಇಲ್ಲವೆನ್ನುವಂತೆ ಚೀಲದಲ್ಲಿ ಹಾಕಿದ್ದ.

"ನೋಡ್ರಿ, ನಾ ಕಳುವಿನ ಮಾಲು ತಗೊಳ್ಳೋ ಮನುಷ್ಯ ಅಲ್ಲ," ಎಂದ ಸುಶೀಲೇಂದ್ರ. ಅವನ ಮುಖವೂ ಕೆಂಪಾಗಿತ್ತು. "ಡಬ್ಬಿ ಮ್ಯಾಲಿನ ನಂಬರು, ಕ್ಯಾಮರಾದ ನಂಬರು ಒಂದ ಅವ. ಬಿಲ್ ಅದ. ವಾರಂಟಿ ಕಾರ್ಡ್ ಅದ. ಮನಷ್ಯಾ ಇನ್ನೇನ್ ನೋಡಬೇಕು?"

"ಯಾರು ಬಳಸ್ಯಾರ ಅಂತ ಕೇಳಬೇಕಾಗಿತ್ರಿ."

"ಕೇಳಿದೆ. ತಾನ ಅಂದ. ಮನಿ ಕಾರ್ಯಕ್ರಮಕ್ಕ ಅಷ್ಟ ಬಳಸೀನಿ ಅಂದ."

"ಬ್ಯಾಟರಿ ಹಾಕ್ರಿ. ಮೆನ್ಯು ತಗೀರಿ. ಫೋಟೋದ ಮಾಲೀಕರ ಹೆಸರು ಅಂತ ಒಂದ ಕಡೆ ಬರ್ತೈತಿ, ಓದ್ರಿ."

ಅವನು ಚೀಲ ಬಿಚ್ಚಿ ಬ್ಯಾಟರಿ ಹಾಕಿದ. ಹುಡುಕಿ ಹುಡುಕಿ ಆ ಪುಟಕ್ಕೆ ಬಂದ. ಇಂಗ್ಲಿಷಿನಲ್ಲಿ ವಿಜಯಲಕ್ಷ್ಮೀ ಎಂಬ ಹೆಸರು, ಅದರ ಪಕ್ಕ ಊರು, ಜೈನಾಪುರ. ಸಂಗು ಹೊರಗಿನ ಗೀರುಗಳನ್ನಷ್ಟೇ ಮುಚ್ಚಿದ್ದ. ಕ್ಯಾಮರಾ ನಡೆಸಲು ಬಾರದವನಿಗೆ ಈ ಪುಟ ಇದೆಯೆಂದೇ ಗೊತ್ತಿರಲಿಲ್ಲ.

"ಹೆಸರು ಯಾರು ಬೇಕಾದ್ರೂ ಹಾಕಬಹುದು," ಎಂದ ಸುಶೀಲೇಂದ್ರ, ಆದರೆ ದನಿ ಇಳಿದಿತ್ತು.

ಅವಳು ಹಾರ್ಡ್ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟಳು. "ನಿಮ್ಮ ಕಂಪ್ಯೂಟರಿಗಿ ಹಚ್ರಿ. ಯಾವ ಫೋಟೋ ಬೇಕಾದ್ರೂ ತಗೀರಿ. ಪ್ರತಿ ಫೋಟೋದ ಒಳಗ ಕ್ಯಾಮರಾದ ನಂಬರ್ ಬರದಿರ್ತೈತಿ. ಡಬ್ಬಿ ಮ್ಯಾಲಿನ ನಂಬರಿನ ಜೋಡಿ ಹಿಡದ ನೋಡ್ರಿ."

ಅವನು ಒಂದು ಫೋಟೋ ನೋಡಿದ, ಹತ್ತು ನೋಡಿದ. ತಾಳಿ ಕಟ್ಟುವಾಗ ಕಣ್ಣೀರು ಒರೆಸಿಕೊಳ್ಳುವ ತಾಯಿ, ಸುರಗಿಯ ನೂಲು ಸುತ್ತುವ ಹೆಂಗಸರು, ಮಂಟಪದ ಹಿಂದೆ ಮಲಗಿಬಿಟ್ಟ ಅಡುಗೆಯವರು. ನಂಬರು ಎಲ್ಲದರಲ್ಲೂ ಒಂದೇ. ಒಂದು ಫೋಟೋದಲ್ಲಿ ಸಂಗು ಇದ್ದ, ಲೈಟಿನ ಕೊಡೆ ಹಿಡಿದು ಹಲ್ಲು ಕಿರಿಯುತ್ತಿದ್ದ.

"ಇಂವ ಅಲ್ಲೇನು ಬೆಳಿಗ್ಗೆ ಬಂದಿದ್ದು?" ಎಂದರು ಬೆನ್ನ ಹಿಂದೆ ನಿಂತಿದ್ದ ವತ್ಸಲಾಬಾಯಿ. "ಇದನ್ನ ಯಾರು ತಗದಾರ ಹಂಗಾದ್ರ?"

"ನಾನ ರೀ. ಆರು ವರ್ಷ ಅಂವ ಇದರ ಮುಂದ ನಿಂತಾನ, ಹಿಂದ ನಿಂತಿಲ್ಲ."

"ಮತ್ತ ಬಿಲ್ಲಿನಾಗ ಅವನ ಹೆಸರು ಹೆಂಗ ಬಂತವಾ?"

"ಅಂಗಡಿಯಂವ ಅವನ್ನ ಕೇಳಿದ. ನಾ ಸುಮ್ಮ ನಿಂತೆ."

ವತ್ಸಲಾಬಾಯಿ ಮಗನ ಕಡೆ ತಿರುಗಿದರು. "ಕೊಟ್ಟು ಕಳಸು."

"ನನ್ನ ದುಡ್ಡು ಅಮ್ಮಾ?"

"ಮಾರಿದಾಂವನ್ನ ಕೇಳು. ಇಕಿನ್ನ ಏನ ಕೇಳ್ತಿ?"

ಸುಶೀಲೇಂದ್ರ ಸಂಗುವಿಗೆ ಫೋನ್ ಹಚ್ಚಿದ. ಸಂಗು ಅದೇ ಮಾತು ಹೇಳಿದ: ಬಿಲ್ಲು ನನ್ನದು, ವ್ಯವಹಾರ ಮುಗಿದಿದೆ, ಅಕ್ಕನಿಗೆ ಸಿಟ್ಟು ಜಾಸ್ತಿ, ಸಂಜೆಗೆ ಇಳಿಯುತ್ತದೆ. ವಿಜಯಲಕ್ಷ್ಮೀ ಜೈನಾಪುರಕ್ಕೆ, ತಂದೆ ಶಿವಯೋಗೆಪ್ಪನಿಗೆ ಫೋನ್ ಮಾಡಿದಳು. ಅವನು ಎಲ್ಲ ಕೇಳಿ ಹೇಳಿದ್ದು ಇಷ್ಟು: "ಮನಿ ಮಾತು ಮನ್ಯಾಗ ಇರಲಿ ಯವ್ವಾ. ಮಂದಿ ಮನ್ಯಾಗ ಕುಂತ ಯಾಕ ಚೀರಾಡ್ತಿ? ನಿನಗ ಲಗ್ನದಾಗ ಬ್ಯಾರೇದು ಕೊಡಸ್ತೇನಿ."

"ನಿನಗ ಗೊತ್ತಿತ್ತೇನ ಯಪ್ಪಾ?"

ಶಿವಯೋಗೆಪ್ಪ ಫೋನ್ ಇಟ್ಟುಬಿಟ್ಟ. ಅವಳಿಗೆ ಅಷ್ಟು ಸಾಕಾಯಿತು.

ಸುಶೀಲೇಂದ್ರನಿಗೂ ಈಗ ಸಿಟ್ಟು ನೆತ್ತಿಗೇರಿತ್ತು. ಮೋಸ ಹೋದದ್ದಕ್ಕಿಂತ ಡಬ್ಬಿ ನೋಡಿ ಮೋಸ ಹೋದೆನೆಂಬ ಸಿಟ್ಟು. ಸಂಗುವಿಗೆ ಮತ್ತೆ ಫೋನ್ ಮಾಡಿ ಹೇಳಿದ: "ನೋಡಪಾ, ಹತ್ತು ನಿಮಿಷ ಕೊಡ್ತೀನಿ. ದುಡ್ಡು ವಾಪಸ್ ಬರಲಿಲ್ಲಂದ್ರ ನೀ ಜಾಹೀರಾತು ಹಾಕಿದ ಗುಂಪಿನಾಗನ ನಿಮ್ಮಕ್ಕ ತಗದ ನಿನ್ನ ಈ ಫೋಟೋ ಹಾಕ್ತೀನಿ, ಕ್ಯಾಮರಾದ ನಂಬರಿನ ಸಹಿತ. ಆಮ್ಯಾಲೆ ಜಿಲ್ಲಾದಾಗ ಯಾರು ನಿನ್ನ ಕರೀತಾರೋ ನೋಡೋಣ."

ಎಂಟು ನಿಮಿಷಕ್ಕೆ ದುಡ್ಡು ಬಂತು.

ವಿಜಯಲಕ್ಷ್ಮೀ ಕ್ಯಾಮರಾಕ್ಕೆ ಲೆನ್ಸು ಕೂಡಿಸಿ ಕೊರಳಿಗೆ ಹಾಕಿಕೊಂಡು ಎದ್ದಳು. ವತ್ಸಲಾಬಾಯಿ ಕೊಟ್ಟಿದ್ದ ಮಜ್ಜಿಗೆಯ ಲೋಟ ಹಾಗೇ ಇತ್ತು. ಬಾಗಿಲಲ್ಲಿ ಅವರು ಕೂಗಿದರು: "ಡಬ್ಬಿ ಬಿಟ್ಟು ಹೊಂಟ್ಯಲ್ಲವಾ!"

ಅವಳಿಗೆ ಬೇಡವೆನ್ನಬೇಕೆನಿಸಿತು. ಆ ರಟ್ಟಿನ ಡಬ್ಬಿಯನ್ನು ಕಂಡರೆ ತುಳಿಯುವಷ್ಟು ಸಿಟ್ಟಿತ್ತು. ಆದರೂ ತಿರುಗಿ ಬಂದಳು. ಬಿಲ್ಲು, ಕಾರ್ಡು, ತಂತಿ, ಪುಸ್ತಕ, ಒಂದೂ ಬಿಡದೆ ಎರಡೂ ಡಬ್ಬಿಗಳಿಗೆ ತುಂಬಿ ಸ್ಕೂಟಿಯ ಮುಂದೆ ಇಟ್ಟುಕೊಂಡಳು. ತನ್ನ ವಸ್ತುವಿನ ಒಂದು ಚೂರೂ ಇನ್ನೊಬ್ಬರ ಹತ್ತಿರ ಇರಬಾರದು ಎಂದು ಆ ದಿನ ನಿಶ್ಚಯಿಸಿದಳು. ಅಲ್ಲಿಂದ ಅದೇ ರಸ್ತೆ ಹಿಡಿದು ನೇರ ತಿಕೋಟಾಕ್ಕೆ ಹೋದಳು. ಅರಿಷಿಣಕ್ಕೆ ಸರಿಯಾಗಿ ಮುಟ್ಟಿದಳು.

ಮರುದಿನ ಮುಂಜಾನೆ ಸಂಗು ಮಂಟಪಕ್ಕೆ ಬಂದ. ಏನೂ ಆಗಿಲ್ಲವೆನ್ನುವಂತೆ ಲೈಟಿನ ಸ್ಟ್ಯಾಂಡು ಬಿಚ್ಚತೊಡಗಿದ.

"ಅದನ್ನ ಕೆಳಗ ಇಡು," ಎಂದಳು.

"ಅಕ್ಕಾ, ಮಂದಿ ನೋಡಾಕತ್ತಾರ."

"ನೋಡ್ಲಿ. ಇಡು."

ಅವನಿಗೂ ರೇಗಿತು. "ಆರು ವರ್ಷ ಆ ಡಬ್ಬಿ ಯಾರು ಕಾಯ್ದ್ರು? ನೀನಾಗಿದ್ರ ಒಲಿಗಿ ಹಾಕ್ತಿದ್ದಿ. ನಿನ್ನ ಬ್ಯಾಗ ನಾ ಹೊತ್ತೇನಿ, ಗಿರಾಕಿ ನಾ ತಂದೇನಿ. ನಂದೇನೂ ಇಲ್ಲೇನ ಅದರಾಗ?"

"ಐತಿ. ಕೇಳಿದ್ರ ಕೊಡ್ತಿದ್ನಿ. ನೀ ಕೇಳಲಿಲ್ಲ. ನಾ ಮನ್ಯಾಗ ಚಹಾ ಕೊಡೂ ಮುಂದ ನೀ ನನ್ನ ಟೇಪು ಕಿತ್ತಿ. ಗೀರಿಗಿ ಮಸಿ ಹಚ್ಚಿದಿ. ನಾನು ಬಳಸೇ ಇಲ್ಲಂತ ಮಾಡಿದಿ."

ಸಂಗು ಸ್ಟ್ಯಾಂಡನ್ನು ಕೆಳಗಿಟ್ಟ.

"ಮತ್ತ ನಾ ಲಗ್ನ ಆಗಿ ಹೋದ್ರೂ ಕೈ ಇಲ್ಲೇ ಕಡದಿಟ್ಟ ಹೋಗಂಗಿಲ್ಲ," ಎಂದಳು. "ನಡಿ ಇಲ್ಲಿಂದ."

ಅವನು ಹೋದ. ಅವಳು ಒಬ್ಬಳೇ ಲೈಟು ನಿಲ್ಲಿಸಿಕೊಂಡು, ಒಬ್ಬಳೇ ಓಡಾಡಿ ಆ ಲಗ್ನ ಮುಗಿಸಿದಳು. ಸಿಟ್ಟಿನಲ್ಲಿ ತೆಗೆದ ಫೋಟೋಗಳು ಕೆಟ್ಟಿರಬಹುದೆಂದು ಹೆದರಿದ್ದಳು. ಕೆಟ್ಟಿರಲಿಲ್ಲ.

ವಾರದೊಳಗೆ ಬಬಲೇಶ್ವರದ ಸ್ಟುಡಿಯೋ ಬಿಟ್ಟು, ಜೋರಾಪುರ ಪೇಟೆಯಲ್ಲಿ ಅಬ್ದುಲಸಮದ ಅವರ ಸ್ಟುಡಿಯೋದ ಮೇಲಿನ ಕೋಣೆಗೆ ಬಂದಳು. ಡಬ್ಬಿಗಳನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದನ್ನು ಕಂಡು ಅವರು ಹುಬ್ಬೇರಿಸಿದರು, ನಗಲಿಲ್ಲ. ತಾಯಿ ಗುರುಸಿದ್ದವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಅತ್ತಳು. "ಅಂವ ಸರಿಯಾಗಿ ಉಣವಲ್ಲ ಬೇ. ಒಂದ ಮಾತ ಆಡು." ವಿಜಯಲಕ್ಷ್ಮೀ ರೊಟ್ಟಿ ಇಸಿದುಕೊಂಡಳು. ಮಾತು ಆಡಲಿಲ್ಲ. ಕಾರ್ತೀಕದ ಲಗ್ನದ ಸುದ್ದಿ ಎತ್ತಬೇಡವೆಂದು ಮಾತ್ರ ಹೇಳಿದಳು. ಶಿವಯೋಗೆಪ್ಪ ಹೊಲದ ದ್ರಾಕ್ಷಿ ಬೆಳೆಯ ಹಣದಲ್ಲಿ ಮಗನಿಗೆ ಎಲ್‌ಇಡಿ ಸ್ಕ್ರೀನ್ ಕೊಡಿಸಿದನೆಂದು ಆಮೇಲೆ ಗೊತ್ತಾಯಿತು. ಅವತ್ತು ಇಡೀ ದಿನ ಅವಳು ಯಾರ ಫೋನೂ ಎತ್ತಲಿಲ್ಲ.

ನಾಲ್ಕು ತಿಂಗಳ ನಂತರ ಬಬಲೇಶ್ವರದ ಒಂದು ದೊಡ್ಡ ಲಗ್ನದಲ್ಲಿ ಇಬ್ಬರೂ ಎದುರಾದರು. ಫೋಟೋ ಅವಳಿಗೆ ಹೇಳಿದ್ದರು, ಸ್ಕ್ರೀನ್ ಅವನಿಗೆ. ಹೆಣ್ಣಿನ ತಂದೆಗೆ ಅವರ ಜಗಳ ಗೊತ್ತಿರಲಿಲ್ಲ. "ಅಕ್ಕ ತಮ್ಮ ಕೂಡೇ ಅದೀರಿ, ಚಲೋ ಆತು. ಇಕಿ ತಗದದ್ದು ಅಲ್ಲಿ ಕಾಣಬೇಕು ನೋಡ್ರಿ," ಎಂದು ಹೇಳಿ ಹೋದ.

ಸಂಗು ಉದ್ದನೆಯ ಕೇಬಲ್ ಎಳೆದುಕೊಂಡು ಬಂದ. ಸೊರಗಿ ಬಡವಾಗಿದ್ದ. ಕೇಬಲ್ಲಿನ ತುದಿ ಹಿಡಿದು, ಕ್ಯಾಮರಾದ ಕಡೆ ಕೈ ಚಾಚದೆ, ಎರಡು ಹೆಜ್ಜೆ ದೂರವೇ ನಿಂತ.

"ಊಟ ಆತೇನ ಅಕ್ಕಾ?"

ಅವಳು ಅವನ ಮುಖ ನೋಡಿದಳು. ಎದೆಯಲ್ಲಿ ಸಿಟ್ಟು ಇನ್ನೂ ಇತ್ತು. ಅದು ಹೋಗಲಿ ಎಂದೂ ಅವಳಿಗೆ ಅನಿಸಲಿಲ್ಲ.

"ಕೆಲಸ ಐತಿ," ಎಂದು ಕೇಬಲ್ ಅವನ ಕೈಯಿಂದ ತೆಗೆದುಕೊಂಡು ತಾನೇ ಕೂಡಿಸಿದಳು. ವಾಲಗದವರು ಶುರು ಮಾಡಿದ್ದರು. ಅವಳು ಮಂಟಪದ ಕಡೆ ನಡೆದಳು.