ಮೋಡದಲ್ಲಿ ಎಡ ಬಲ

ಬೆಂಗಳೂರಿನಿಂದ ಬಳ್ಳಾರಿ ಕಡೆಗೆ ಹೊರಟ ಆ ಸಣ್ಣ ವಿಮಾನದ ಪೈಲಟ್‌ಗಳಿಬ್ಬರೂ ಗಡಿನಾಡಿನ ಒಂದೇ ಸೀಮೆಯವರು. ಕ್ಯಾಪ್ಟನ್ ಸಾಯಿಪ್ರಸಾದ್ ಮಡಕಶಿರಾ ಪಕ್ಕದ ಹಿಪ್ಪುನೇರಳೆ ತೋಟದವರು. ಅವರ ಬಲಗಡೆ ಕೂತಿದ್ದ ಗಂಗೋತ್ರಿ, ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಆದಿಲಕ್ಷ್ಮಮ್ಮನ ಮಗಳು. ಕೆಲಸದ ಹೊತ್ತಿನಲ್ಲಿ ಅವರ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು.

ಆವತ್ತು ಮಧ್ಯಾಹ್ನ ಮುಂಗಾರಿನ ಮೋಡ ದಟ್ಟವಾಗಿತ್ತು. ಒಳಹೊಕ್ಕ ಮೇಲೆ ಕಿಟಕಿಯಾಚೆ ಏನೂ ಉಳಿಯಲಿಲ್ಲ. ಪ್ಯಾಂಟು ಒಗೆದ ನೀರಿನ ಹಾಗೆ ಬೂದುನೀಲಿ ಬಣ್ಣವೊಂದು ಗಾಜಿಗೆ ಅಂಟಿಕೊಂಡಿತ್ತು. ವಿಮಾನ ಮುಂದೆ ಹೋಗುತ್ತಿದೆಯೋ, ನಿಂತಲ್ಲೇ ತೇಲುತ್ತಿದೆಯೋ ತಿಳಿಯದಂತಿತ್ತು.

ಇದ್ದಕ್ಕಿದ್ದಂತೆ ಎಚ್ಚರಿಕೆಯ ಗಂಟೆ ಮೊಳಗಿತು. ಆಟೋಪೈಲಟ್ ತಾನಾಗಿಯೇ ಕೈಬಿಟ್ಟಿತ್ತು. ಕ್ಯಾಪ್ಟನ್ ಮುಂದಿನ ವೇಗದ ಅಂಕಿ ಇಳಿಯುತ್ತ ಹೋದರೆ ಗಂಗೋತ್ರಿಯ ಮುಂದಿನದು ಏರುತ್ತಿತ್ತು. ಗಾಳಿಯ ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿಕೊಂಡಿದೆ ಎಂದು ಇಬ್ಬರಿಗೂ ಹೊಳೆಯಿತು. ಇನ್ನು ವೇಗದ ಅಂಕಿಯನ್ನು ನೆಚ್ಚುವಂತಿಲ್ಲ. ಮೂತಿ ಇಷ್ಟು ಎತ್ತಿ, ಎಂಜಿನ್ನಿಗೆ ಇಷ್ಟು ಶಕ್ತಿ ಕೊಟ್ಟರೆ ವಿಮಾನ ಹಾರುತ್ತದೆ ಎಂಬ ಹಳೆಯ ಪಾಠವೊಂದೇ ದಿಕ್ಕು. ಸಾಯಿಪ್ರಸಾದ್ ಕೈಯಿಂದಲೇ ನಡೆಸತೊಡಗಿದರು.

ಸ್ವಲ್ಪ ಹೊತ್ತಿಗೆ ಗಂಗೋತ್ರಿಗೆ ಫಲಕದ ಮೇಲೆ ಆಕಾಶ, ನೆಲ ಬೇರ್ಪಡಿಸುವ ಗೆರೆ ಓರೆಯಾಗಿದ್ದು ಕಂಡಿತು. ಅವಳ ಫಲಕ, ಕ್ಯಾಪ್ಟನ್ ಫಲಕ, ನಡುವಿನ ಸಣ್ಣ ಬದಲಿ ಫಲಕ, ಮೂರೂ ಒಂದೇ ಹೇಳುತ್ತಿದ್ದವು. ಗಾಬರಿಯಲ್ಲಿ ಇಂಗ್ಲಿಷ್ ಎಲ್ಲಿ ಹೋಯಿತೋ.

"ಸರ್, ಎಡಕ್ಕ ವಾಲಾಕತ್ತೀವ್ರಿ."

"ಇಲ್ಲ ಕಣಮ್ಮ, ನೆಟ್ಟಗೇ ಐತೆ."

"ಇಲ್ರಿ ಸರ್. ಫಲಕ ನೋಡ್ರಿ, ಮೂರೂ ನೋಡ್ರಿ."

ಅವರು ನೋಡಿದರು. ಕಣ್ಣು ಒಂದು ಹೇಳುತ್ತಿತ್ತು, ಮೈ ಇನ್ನೊಂದು ಹೇಳುತ್ತಿತ್ತು. ಮೋಡದಲ್ಲಿ ಕಿವಿಯೊಳಗಿನ ಸಮತೋಲ ಮೋಸ ಮಾಡುತ್ತದೆಂದು ಎಷ್ಟೋ ಮಂದಿಗೆ ಅವರೇ ಪಾಠ ಹೇಳಿದ್ದರು. ಆದರೂ ಕೈ ಇನ್ನಷ್ಟು ಎಡಕ್ಕೇ ಎಳೆಯುತ್ತಿತ್ತು.

"ಗಂಗೋತ್ರೀ," ಎಂದರು ಮೆಲ್ಲಗೆ, "ನನ್ಗೆ ಎಡ ಬಲ ತಿಳೀತಿಲ್ಲ ಕಣವ್ವ. ನೀನ್ ತಗಾ."

"ತಗೊಂಡೀನ್ರಿ ಸರ್."

ಅವಳು ಗೆರೆಯನ್ನು ನೆಟ್ಟಗೆ ತಂದಳು. ತಂದದ್ದೇ ತಡ, ಅವಳ ಮೈಯೂ ಮೋಸಹೋಗಿ ಕನಸಿಗೆ ಜಾರಿತು. ವಿಮಾನ ಬಲಕ್ಕೆ ಉರುಳುರುಳಿ ಹೋಗುತ್ತಿದೆ ಅನ್ನಿಸಿತು. ಎಂಜಿನ್ನಿನ ಸದ್ದು ದೂರವಾಗಿ, ಮನೆಯ ನಡುಮನೆಯಲ್ಲಿ ಸಾಲಾಗಿ ಓಡುವ ಹೊಲಿಗೆ ಮಷೀನುಗಳ ಸದ್ದಾಯಿತು. ಚಿಕ್ಕಂದಿನಲ್ಲಿ ಕತ್ತರಿಸಿದ ಬಟ್ಟೆಯ ರಾಶಿಯ ಮೇಲೆ ಮಲಗಿದಾಗ ಹೀಗೇ ಆಗುತ್ತಿತ್ತು. ನೂಲಿನ ಧೂಳು ಬಿಸಿಲಲ್ಲಿ ತೇಲುತ್ತಿತ್ತು, ಮನೆಯೇ ನಿಧಾನವಾಗಿ ತಿರುಗುತ್ತಿತ್ತು, ಅಮ್ಮನ ಕಾಲು ಮಾತ್ರ ಪೆಡಲಿನ ಮೇಲೆ ತಪ್ಪದೆ ಆಡುತ್ತಿತ್ತು. ಗಂಗೋತ್ರಿ ಆ ಕನಸನ್ನು ಓಡಿಸಲು ಹೋಗಲಿಲ್ಲ, ಅದರ ಹಿಂದೆಯೂ ಹೋಗಲಿಲ್ಲ. ಅದು ಬೇಕಾದ ಕಡೆ ತಿರುಗಲಿ ಎಂದು ಬಿಟ್ಟು, ಗೆರೆಯ ಮೇಲೆ ಕಣ್ಣಿಟ್ಟಳು.

ಪಕ್ಕದಿಂದ ಸಾಯಿಪ್ರಸಾದರ ದನಿ ಬರತೊಡಗಿತು. ಮೂತಿ ಎಷ್ಟಿರಬೇಕು, ಶಕ್ತಿ ಎಷ್ಟಿರಬೇಕು ಎಂದು ಒಂದೊಂದಾಗಿ ಓದಿ ಹೇಳುತ್ತಿದ್ದರು. ಮೊದಲು ನಡುಗುತ್ತಿದ್ದ ದನಿ ಓದುತ್ತ ಓದುತ್ತ ಗಟ್ಟಿಯಾಯಿತು. ರೇಡಿಯೋದಲ್ಲಿ ಕೇಳಿ, ಬೆಂಗಳೂರಿಗೇ ಹಿಂದಿರುಗಲು, ಕೆಳಗಿಳಿಯಲು ಅನುಮತಿ ಪಡೆದರು. ಅಲ್ಲಿ ಆಕಾಶ ತಿಳಿಯಾಗಿತ್ತು.

ಇಳಿದಂತೆ ಗಾಳಿ ಬೆಚ್ಚಗಾಯಿತು. ಮಂಜು ಕರಗಿ ಗಾಜಿನ ಮೇಲೆ ನೀರಾಗಿ ಹರಿಯಿತು. ವೇಗದ ಅಂಕಿಗಳು ಒಂದಕ್ಕೊಂದು ಹತ್ತಿರ ಬಂದು ಕೊನೆಗೆ ಒಂದೇ ಆದವು. ಆಗ ಮೋಡದ ಹೊಟ್ಟೆ ಬಿರಿದು ಕೆಳಗೆ ಕೆಂಪು ನೆಲ, ಕೆರೆಯ ಹೊಳಪು, ಬೆಟ್ಟದ ಮೇಲೊಂದು ಕೋಟೆ ಕಂಡವು.

"ನಮ್ಮ ಮಡಕಶಿರಾ ಕಡೆ ರತ್ನಗಿರಿ ಕಣಮ್ಮ ಅದು," ಎಂದರು ಸಾಯಿಪ್ರಸಾದ್, ಮಗುವಿನ ಹಾಗೆ. "ನಮ್ಮಜ್ಜಿ ಊರು. ಮೇಲಿಂದ ಎಷ್ಟ್ ಸಣ್ಣಕೈತೆ ನೋಡು!"

ಬೆಂಗಳೂರಿನಲ್ಲಿ ಇಳಿಸುವ ತನಕ ಗಂಗೋತ್ರಿಯೇ ನಡೆಸಿದಳು. ಪ್ರಯಾಣಿಕರು ತಡವಾಯಿತೆಂದು ಗೊಣಗುತ್ತ ಇಳಿದರು. ಅವರೆಲ್ಲ ಹೋದ ಮೇಲೂ ಪೈಲಟ್‌ಗಳಿಬ್ಬರು ಬೆಲ್ಟು ಬಿಚ್ಚದೆ ಕೂತಿದ್ದರು.

"ಇಷ್ಟ್ ವರ್ಷದಾಗೆ ಯಾರ್ ಕೈಗೂ ಹಂಗೆ ವಿಮಾನ ಕೊಟ್ಟಿರ್ಲಿಲ್ಲ," ಎಂದರು ಸಾಯಿಪ್ರಸಾದ್. "ಬಾಯಿ ಬಿಡಾಕೆ ನಾಚ್ಕೆ ಆಯ್ತು."

"ನೀವು ಹೇಳಿದ್ದಕ್ಕ ಉಳದ್ವಿ ಸರ್," ಎಂದಳು ಅವಳು. ಅವರು ತಲೆಯಾಡಿಸಿದರು. ಆಮೇಲೆ ಇಬ್ಬರೂ ಬೆಲ್ಟು ಬಿಚ್ಚಿದರು.

ಹೊರಗೆ ಬಂದು ಗಂಗೋತ್ರಿ ಅಮ್ಮನಿಗೆ ಫೋನು ಮಾಡಿದಳು.

"ಯಾಕವ್ವ, ಇವತ್ತು ನಿನ್ನ ವಿಮಾನದ ಸಪ್ಪಳಾನ ಕೇಳ್ಲಿಲ್ಲ?" ಎಂದಳು ಆದಿಲಕ್ಷ್ಮಮ್ಮ. "ಮಷೀನು ನಿಲ್ಸಿ ಮಳ್ಯಾಗ ಅಂಗಳದಾಗ ನಿಂತಿದ್ದೆ."

ತಾನು ಹಾರುವ ದಿನ ವಿಮಾನ ರಾಯದುರ್ಗದ ಮೇಲೆ ಹಾಯುವ ಹೊತ್ತಿಗೆ ಅಮ್ಮ ಹಾಗೆ ನಿಲ್ಲುತ್ತಾಳೆಂದು ಗಂಗೋತ್ರಿಗೆ ಇದುವರೆಗೂ ಗೊತ್ತೇ ಇರಲಿಲ್ಲ.

"ಒಳಗ ಹೋಗಮ್ಮ, ತೊಯ್ಕೋಬ್ಯಾಡ," ಎಂದಳು. "ಇವತ್ತು ಅಷ್ಟು ದೂರ ಬರ್ಲಿಲ್ಲ."