ಕಂಬಳಿಗೆ ಕಾವಲು

"ಏಯ್ ಕುಂಟ! ಆ ಮೂಟೆ ಮುಟ್ಟಿದ್ರೆ ಇನ್ನೊಂದು ಕಾಲೂ ಮುರೀತೀನಿ ನೋಡು. ಹಿಂದಕ್ಕೆ ಹೋಗೋ, ನಾಯಿ ನನ್ಮಗನೆ!"

ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದ. ಕೆಳಗೆ ಅಂಗಳದಲ್ಲಿ ನಾವಿದ್ದೆವು. ಲಾರಿಯಿಂದ ಮೂಟೆ ಇಳಿಸುತ್ತಿದ್ದವರೂ ನಾವೇ, ಬೈಸಿಕೊಳ್ಳುತ್ತಿದ್ದವರೂ ನಾವೇ. ಮೂಟೆಗಳ ತುಂಬ ಕಂಬಳಿ. ಮನೆ ಮಠ ಇಲ್ಲದ ಮಾಜಿ ಸೈನಿಕರು ಚಳಿಗೆ ಸಾಯಬಾರದೆಂದು ಯಾರೋ ದೊಡ್ಡ ಮನುಷ್ಯ ದಾನ ಕೊಟ್ಟಿದ್ದು; ಮಾರನೆಯ ದಿನ ಅವನೇ ಬಂದು ಹಂಚುವವನಿದ್ದ. ಒಂದು ಮೂಟೆಯ ಹೊಲಿಗೆ ಬಿಚ್ಚಿಕೊಂಡು ಕಂಬಳಿಯ ಅಂಚು ಹೊರಗೆ ಇಣುಕಿತ್ತು. ಕುಂಟ ಅದನ್ನು ಎರಡು ಬೆರಳಿನಿಂದ ಸವರಿ ನೋಡಿದ್ದ, ಅಷ್ಟೇ.

ಕುಂಟನ ಕಾಲು ಹೋದದ್ದು ಯುದ್ಧದಲ್ಲಿ, ನೆಲಬಾಂಬಿಗೆ. ನಾವೂ ಅವನನ್ನು ಕುಂಟ ಎಂದೇ ಕರೆಯುತ್ತೇವೆ, ಅವನೂ ಓಗೊಡುತ್ತಾನೆ. ಅದೇ ಮಾತು ಕಾರ್ಯದರ್ಶಿಯ ಬಾಯಿಂದ ಬಂದರೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ.

"ಮುಟ್ಟಿದ್ರೆ ಸವೆದು ಹೋಗುತ್ತಾ ಸ್ವಾಮಿ?" ಎಂದ ಕುಂಟ. "ಇವತ್ತೇ ಕೊಟ್ಬಿಡಿ. ಆಕಾಶ ನೋಡಿ, ಹಿಮ ಬೀಳೋ ಹಾಗಿದೆ. ಹೊದ್ಕೊಂಡು ಬೆಳಗ್ಗೆ ವಾಪಸ್ ತಂದ್ಕೊಡ್ತೀವಿ. ಗೆರೆ ಕೊರೆದ ಹಾಗೆ ಮಡಚಿ ಕೊಡ್ತೀವಿ, ಸೈನ್ಯದಲ್ಲಿ ಕಲಿಸಿದ್ರಲ್ಲಿ ಅದೊಂದು ನೆನಪಿದೆ ನಮಗೆ. ನಾಳೆ ನಿಮ್ಮ ಸಾಹೇಬ್ರು ಹೊಸದಾಗಿ ಹಂಚಲಿ. ನಾವೂ ಹೊಸದಾಗಿ ಇಸ್ಕೊಂಡು, ಹಲ್ಲು ಕಿರಿದು ಫೋಟೋಗೆ ನಿಲ್ತೀವಿ."

ನಾವೆಲ್ಲ ನಕ್ಕೆವು. ಕಾರ್ಯದರ್ಶಿ ನಗಲಿಲ್ಲ.

"ನೀವು ಹೊದ್ದು ಹೇನು ಹತ್ತಿಸಿದ್ದನ್ನ ದಾನಿಗಳ ಕೈಲಿ ಮುಟ್ಟಿಸ್ಲಾ? ಅವರು ಬರ್ತಿರೋದೇ ಸ್ವಂತ ಕೈಯಿಂದ ಕೊಡೋಕೆ. ಅಲ್ಲಿವರೆಗೂ ಒಬ್ರೂ ಮುಟ್ಟೋ ಹಾಗಿಲ್ಲ. ಇನ್ನೊಂದು ವಿಷಯ, ಇವತ್ತು ಒಳಗೆ ಯಾರೂ ಮಲಗೋ ಹಾಗೂ ಇಲ್ಲ. ನೆಲ ಒರೆಸಿ ಆಗಿದೆ, ಕುರ್ಚಿ ಹಾಕಿ ಆಗಿದೆ. ಎಲ್ರೂ ನಿಮ್ಮ ಸೇತುವೆ ಕೆಳಗೆ ಹೋಗ್ತಾ ಇರಿ."

ಕಿಟಕಿಯಿಂದ ಒಳಗಿನದೆಲ್ಲ ಕಾಣುತ್ತಿತ್ತು. ದಿನವೂ ಕೆಲವು ಮುದುಕರು ಮಲಗುವ ಮಂಚಗಳನ್ನು ಗೋಡೆಗೆ ಒಟ್ಟಿದ್ದರು. ಕುರ್ಚಿಗಳಿಗೆ ಬಿಳಿ ಬಟ್ಟೆ ತೊಡಿಸಿದ್ದರು. ಹೂವು ಚಳಿಗೆ ಬಾಡಬಾರದೆಂದೋ, ಗೋಡೆಯ ಹೊಸ ಬಣ್ಣ ಒಣಗಲೆಂದೋ ಕಬ್ಬಿಣದ ಒಲೆಯನ್ನು ಕೆಂಪಗೆ ಉರಿಸಿದ್ದರು. ಖಾಲಿ ಕುರ್ಚಿಗಳು ಹಾಯಾಗಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದವು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ," ಎಂದು ನಾನು ಎಲ್ಲರಿಗೂ ಕೇಳುವ ಹಾಗೆಯೇ ಅಂದೆ.

ಕಾರ್ಯದರ್ಶಿ ನನ್ನ ಕಡೆ ತಿರುಗಿದ. "ನಿನ್ನ ಗಂಡ ಸತ್ತ ಮೇಲೂ ನಿನಗೆ ಇಲ್ಲೇನೇ ಕೆಲಸ? ಪಾತ್ರೆ ತೊಳೆಯೋಕೆ ಹೋಗು."

ನನ್ನ ಗಂಡನೂ ಸೈನಿಕನೇ. ಹೋದ ಚಳಿಗಾಲದಲ್ಲಿ ಸೇತುವೆಯ ಕೆಳಗೇ ತೀರಿಕೊಂಡ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಾಗುವವರೆಗೆ ಕೂತಿದ್ದವನು ಅವನ ಜೊತೆ ಒಂದೇ ತುಕಡಿಯಲ್ಲಿದ್ದ ಒಬ್ಬ ಮುದುಕ. ರಕ್ತಸಂಬಂಧ ಏನೂ ಇಲ್ಲ. ಆದರೂ ಅವತ್ತಿನಿಂದ ನಾನು ಅವನನ್ನು ಭಾವ ಎನ್ನುತ್ತೇನೆ. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು, ತಳದಲ್ಲಿ ಉಳಿದ ಸೂಪು, ಒಣಗಿದ ಬ್ರೆಡ್ಡು ಏನಿದ್ದರೂ ತಂದು ಮೊದಲು ಅವನಿಗೆ, ಆಮೇಲೆ ಉಳಿದವರಿಗೆ ಕೊಡುತ್ತೇನೆ. ಈ ವರ್ಷ ಭಾವನ ಕೆಮ್ಮಿನಲ್ಲಿ ರಕ್ತ ಕಾಣಿಸಿಕೊಂಡಿತ್ತು. ಇನ್ನೊಂದು ಚಳಿಗಾಲವನ್ನು ಅವನು ಸೇತುವೆಯ ಕೆಳಗೆ ಕಳೆಯಲಾರ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಒಳಗೆ ಒಲೆಯ ಪಕ್ಕ ಒಂದು ಮಂಚ ಸಿಕ್ಕಿದರೆ ಉಳಿಯುತ್ತಾನೆ. ದೇವರ ಹತ್ತಿರ ನಾನು ಬೇರೇನೂ ಕೇಳುತ್ತಿರಲಿಲ್ಲ, ಆ ಮಂಚ ಒಂದನ್ನು ಕೇಳುತ್ತಿದ್ದೆ.

ಮೂಟೆಗಳನ್ನು ಒಳಗಿಟ್ಟರೆ ಅಂದ ಕೆಡುತ್ತದೆಂದು ಅಂಗಳದ ತಗಡಿನ ಮಾಡಿನ ಕೆಳಗೆ ಪೇರಿಸಿದೆವು. ಅದಕ್ಕೆ ಗೋಡೆಯೇ ಇಲ್ಲ, ನಾಲ್ಕು ಕಂಬ ಅಷ್ಟೇ. ಕಾರ್ಯದರ್ಶಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿ ಭಾವನ ಮುಂದೆ ನಿಂತ.

"ನೀನು ಕಾಯಿ. ನಿಯತ್ತಿನ ಮನುಷ್ಯ ಕಾಣ್ತೀಯ. ಈ ಕಳ್ಳ ಮುಂಡೇವನ್ನ ನಂಬೋಕಾಗಲ್ಲ. ರಾತ್ರಿ ಊಟ ಆದ್ಮೇಲೆ ವಾಚ್‌ಮನ್‌ನ ಕಳಿಸ್ತೀನಿ, ಅವನು ಬಂದ್ಮೇಲೆ ಅವನ ರೂಮಲ್ಲಿ ಬೆಂಕಿ ಇದೆ, ಹೋಗಿ ಮಲಕ್ಕೊ. ಅಲ್ಲಿವರೆಗೂ ಕದಲಬೇಡ. ಒಂದು ಕಂಬಳಿ ಆಚೀಚೆ ಆಗದಿದ್ರೆ ನಾಳೆಯಿಂದ ಒಲೆ ಪಕ್ಕದ ಮಂಚ ನಿಂದು. ಇಡೀ ಚಳಿಗಾಲ."

ಭಾವ ಹಿಮ್ಮಡಿ ಸವೆದ ಬೂಟುಗಳನ್ನು ಜೋಡಿಸಿ ನೆಟ್ಟಗೆ ನಿಂತ. "ಆಗಲಿ ಸಾರ್," ಎಂದ.

ಕಾರ್ಯದರ್ಶಿ ಅತ್ತ ಹೋದದ್ದೇ ನಾನು ಅವನ ತೋಳು ಹಿಡಿದುಕೊಂಡೆ. "ಬೇಡ ಭಾವ. ಈ ಗಾಳೀಲಿ ನಿಲ್ಲೋ ಮೈಯೇನೋ ನಿಂದು? ಸೇತುವೆ ಕೆಳಗೆ ಬಾ, ಎಲ್ರೂ ಒತ್ಕೊಂಡು ಮಲಗೋಣ."

"ಹುಚ್ಚಿ," ಎಂದು ನಕ್ಕ. "ಊಟದ ಹೊತ್ತಿನವರೆಗೆ ತಾನೆ? ಬದಲಿ ಕಳಿಸ್ತೀನಿ ಅಂದಿದಾನಲ್ಲ. ಒಂದು ಸಂಜೆ ನಿಂತ್ರೆ ಮಂಚ ಕಣೇ. ನಿನಗೂ ನನ್ನ ಕೆಮ್ಮು ಕೇಳೋದು ತಪ್ಪುತ್ತೆ."

ಆ ಮಂಚದ ಆಸೆ ನನಗೂ ಇತ್ತಲ್ಲ. ಅವನ ತೋಳು ಬಿಟ್ಟೆ.

ಕತ್ತಲಾಗುವ ಹೊತ್ತಿಗೆ ಡಬ್ಬಿಯಲ್ಲಿ ಬಿಸಿ ಸೂಪು ಹಿಡಿದು ಓಡಿ ಬಂದೆ. "ಭಿಕಾರಿಗಳಿಗೆ ಹಾಕೋಕೆ ನನ್ನ ಡಬ್ಬೀನೇ ಬೇಕಾ ನಿಂಗೆ?" ಎಂದು ಕ್ಯಾಂಟೀನಿನ ಯಜಮಾನಿ ಹಿಂದಿನಿಂದ ಕೂಗುತ್ತಲೇ ಇದ್ದಳು. ಭಾವ ನಿಂತಲ್ಲೇ ನಿಂತಿದ್ದ. ತುಟಿ ನೀಲಿಗಟ್ಟಿತ್ತು. ಕೂತುಕೊಂಡು ಕುಡಿ ಎಂದರೆ ಕೇಳಲಿಲ್ಲ. ನಿಂತೇ ಕುಡಿದ. ಡಬ್ಬಿ ಅವನ ಹಲ್ಲಿಗೆ ತಾಗಿ ಟಕಟಕ ಅನ್ನುತ್ತಿತ್ತು.

ನಾನು ಹೊಲಿಗೆ ಬಿಚ್ಚಿದ ಮೂಟೆಗೆ ಕೈ ಹಾಕಿ ಕಂಬಳಿಯೊಂದನ್ನು ಎಳೆದೆ. ಪ್ರತಿಯೊಂದಕ್ಕೂ ಕೆಂಪು ರಿಬ್ಬನ್ ಕಟ್ಟಿದ್ದರು. "ಹೊದ್ಕೊ. ಬೆಳಗ್ಗೆ ರಿಬ್ಬನ್ ಸಮೇತ ಕಟ್ಟಿಟ್ರೆ ಯಾವನಿಗೆ ಗೊತ್ತಾಗುತ್ತೆ?"

ಅವನು ನನ್ನ ಕೈಗೆ ಚಟ್ಟನೆ ಹೊಡೆದ. ಎಂದೂ ಹೊಡೆದವನಲ್ಲ.

"ಕಾಯೋನೇ ಕದಿಯೋದಾ? ನೀನೂ ಹೀಗೆ ಮಾಡಿದ್ರೆ ಅವನು ನಮ್ಮನ್ನ ಕಳ್ಳರು ಅಂದಿದ್ದೇ ಸರಿ ಆಗೋಯ್ತಲ್ಲೇ."

"ಕಳ್ಳರು ಅಂದ್ರೆ ಅನ್ಲಿ! ಸತ್ತ ಮೇಲೆ ಒಳ್ಳೆಯೋನು ಅನ್ನಿಸ್ಕೊಂಡು ಏನು ಮಾಡ್ತೀಯಾ?"

"ಹೋಗು, ನಿನ್ನ ಪಾತ್ರೆ ಕಾಯ್ತಿರ್ತವೆ," ಎಂದ. ಆಮೇಲೆ ಮೆತ್ತಗೆ, "ಸೂಪು ಚೆನ್ನಾಗಿತ್ತು ಕಣವ್ವ," ಎಂದ.

ಕೆಲಸ ಮುಗಿಸಿ ಹಿಂದಿರುಗುವಾಗ ಸಂಘದ ಗೇಟಿಗೆ ಬೀಗ ಬಿದ್ದಿತ್ತು. ತಗಡಿನ ಮಾಡು ಕಟ್ಟಡದ ಹಿಂದೆ, ರಸ್ತೆಗೆ ಕಾಣುವುದಿಲ್ಲ. ವಾಚ್‌ಮನ್ನನ ಕೋಣೆಯ ಕಿಟಕಿಯಲ್ಲಿ ಬೆಂಕಿಯ ಬೆಳಕು ಆಡುತ್ತಿತ್ತು. ಗೇಟು ಅಲುಗಿಸಿ ಕರೆದೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ನಿದ್ದೆಗಣ್ಣಿನ ದನಿ ಬಂತು: "ಹೋಗಮ್ಮಾ ತಾಯಿ, ಎಲ್ಲಾ ಮಲಗಿದಾರೆ."

ಮಲಗಿದ್ದಾರೆ ಎಂದಮೇಲೆ ಭಾವನೂ ಮಲಗಿದ್ದಾನೆ ಎಂದುಕೊಂಡೆ. ಸೇತುವೆಯ ಕೆಳಗೆ ಬಂದು ಕುಂಟನಿಗೆ ಹೇಳಿದೆ, "ಭಾವ ಇವತ್ತು ಬೆಂಕಿ ಮುಂದೆ ಕಾಲು ಚಾಚಿದಾನೆ ಕಣೋ."

"ಅದೃಷ್ಟ ಅಂದ್ರೆ ಆ ಮುದಿಯಂದು," ಎಂದ ಕುಂಟ.

ಹಿಮ ಬಿತ್ತು. ನಾವೆಲ್ಲ ರಟ್ಟಿನ ಹಾಳೆ ಹೊದ್ದು, ಒಬ್ಬರಿಗೊಬ್ಬರು ಅಂಟಿಕೊಂಡು, ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡು ಮಲಗಿದೆವು.

ಬೆಳಗ್ಗೆ ಗೇಟು ತೆರೆದಾಗ ಮೊದಲು ಒಳಗೆ ಹೋದವಳು ನಾನೇ. ಭಾವ ಮಾಡಿನ ಕಂಬಕ್ಕೆ ಬೆನ್ನು ಕೊಟ್ಟು ಕುಸಿದು ಕೂತಿದ್ದ. ಕೈಗಳೆರಡೂ ಕಂಕುಳಲ್ಲಿದ್ದವು. ಹುಬ್ಬಿನ ಮೇಲೆ, ಗಡ್ಡದ ಮೇಲೆ ಹಿಮ ಕೂತಿತ್ತು, ಕರಗಿರಲಿಲ್ಲ. ಮೂಟೆಗಳಿಗೆ ಒರಗಿಯಾದರೂ ಕೂರಬಹುದಿತ್ತು, ಅದನ್ನೂ ಮಾಡಿರಲಿಲ್ಲ. ನಾನು ಎಳೆದಿದ್ದ ಕಂಬಳಿಯನ್ನು ಒಳಗೆ ತುರುಕಿ, ಮೂಟೆಯ ಬಾಯನ್ನು ಕಟ್ಟಿದ್ದ. ಕಟ್ಟಿದ್ದು ತನ್ನ ಬೂಟಿನ ಲಾಡಿಯಿಂದ.

"ಭಾವಾ," ಎಂದೆ. ಅಲುಗಿಸಿದರೆ ಇಡೀ ಮೈ ಒಟ್ಟಿಗೆ ಅಲುಗಿತು. ಆಮೇಲೆ ನಾನು ಹೇಗೆ ಕಿರುಚಿದೆನೋ ನನಗೆ ತಿಳಿಯದು.

ವಾಚ್‌ಮನ್ ಓಡಿ ಬಂದು ತಲೆಯ ಮೇಲೆ ಕೈ ಹೊತ್ತ. "ನನಗ್ಯಾರೂ ಹೇಳೇ ಇಲ್ಲ ಕಣಮ್ಮ! ಇಲ್ಲಿ ಮನುಷ್ಯ ಇದಾನೆ ಅಂತಾನೇ ಗೊತ್ತಿರಲಿಲ್ಲ. ನನ್ನ ಮಕ್ಕಳಾಣೆ."

ಕಾರ್ಯದರ್ಶಿ ಹೊಸ ಕೋಟು ತೊಟ್ಟು ಬಂದ. ನೋಡಿದ. ನಾಲಿಗೆ ಕಚ್ಚಿಕೊಂಡ.

"ಅಯ್ಯೋ, ಮರ್ತೇಹೋಯ್ತಲ್ಲ. ಹೂವಿನೋರು, ಫೋಟೋದೋರು, ಮೈಕಿನೋರು, ತಲೆ ಕೆಟ್ಟೋಗಿತ್ತು." ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದ, "ಆದ್ರೂ ಇವನಿಗಾದ್ರೂ ಬುದ್ಧಿ ಬೇಡ್ವಾ? ಪಕ್ಕದಲ್ಲೇ ಇಷ್ಟೊಂದು ಕಂಬಳಿ ಇತ್ತಲ್ಲ!"

"ಮುಟ್ಟಬೇಡ ಅಂದೋನು ನೀನಲ್ವೇನೋ ಸೂಳೆಮಗನೆ!" ನಾನು ಅವನ ಕೋಟಿಗೆ ಕೈ ಹಾಕಿದೆ. ವಾಚ್‌ಮನ್ ನನ್ನನ್ನು ಹಿಡಿದುಕೊಂಡ.

"ಏಯ್, ಬಾಯಿ! ದಾನಿಗಳ ಕಾರು ಹೊರಟಿದೆಯಂತೆ. ಇದನ್ನ ಎತ್ತಿ ಕಕ್ಕಸಿನ ಹಿಂದೆ ಇಡಿ. ಕಾರ್ಯಕ್ರಮ ಒಂದು ಮುಗೀಲಿ, ಆಮೇಲೆ ನಾನೇ ಎಲ್ಲಾ ವ್ಯವಸ್ಥೆ ಮಾಡಿಸ್ತೀನಿ. ಏನು ನೋಡ್ತಾ ನಿಂತಿದೀರಾ? ಎತ್ರೋ!"

ಸೇತುವೆಯ ಕೆಳಗಿನವರೆಲ್ಲ ಬಂದು ಸೇರಿದ್ದರು. ಒಬ್ಬರೂ ಬಗ್ಗಲಿಲ್ಲ.

"ಒಂದು ಕಂಬಳಿ ಕೊಡಿ," ಎಂದೆ. "ಹೊದಿಸ್ಬೇಕು ಅವನಿಗೆ."

"ಹೆಣಕ್ಕೆ ಹೊಸ ಕಂಬಳಿನಾ? ಸುಮ್ನೆ ದಂಡ. ಅಲ್ಲಿ ಗೋಣಿತಾಟು ಬಿದ್ದಿದೆ ನೋಡು."

ಕುಂಟ ಊರುಗೋಲನ್ನು ನೆಲಕ್ಕೆ ಬಿಸುಟು, ಮೂಟೆಯ ಮೇಲೆ ಬಿದ್ದು, ಹಲ್ಲಿನಿಂದ ಹೊಲಿಗೆ ಹರಿದ. ಕಂಬಳಿಗಳು ರಿಬ್ಬನ್ ಸಮೇತ ಹಿಮದ ಮೇಲೆ ಉರುಳಿದವು. ಒಂದನ್ನು ಬಿಡಿಸಿ ನನ್ನ ಕೈಗೆ ಕೊಟ್ಟ. ನಾನು ಭಾವನಿಗೆ ಹೊದಿಸಿದೆ. ಕುತ್ತಿಗೆಯ ಹತ್ತಿರ ಗಾಳಿ ಹೋಗದ ಹಾಗೆ ಸಿಕ್ಕಿಸಿದೆ. ಹೀಗೆ ಹೊದಿಸಬೇಕೆಂದು ಎಷ್ಟು ದಿನದಿಂದ ಆಸೆಯಿತ್ತು ನನಗೆ.

"ಕಳ್ಳರು! ಪೊಲೀಸ್ರಿಗೆ ಹೇಳ್ರೋ!" ಎಂದು ಕಾರ್ಯದರ್ಶಿ ಬೊಬ್ಬೆಯಿಟ್ಟ.

"ಹೇಳಿ ಸ್ವಾಮಿ," ಎಂದ ಕುಂಟ. "ಜೈಲಲ್ಲಿ ಸೂರು ಇರುತ್ತಲ್ಲ."

ಅಷ್ಟರಲ್ಲಿ ಒಬ್ಬ ಮುದುಕ ಮುಂದೆ ಬಂದು ಇನ್ನೊಂದು ಕಂಬಳಿ ಎತ್ತಿಕೊಂಡ. ಹೆಗಲು ಅಲ್ಲಾಡುವಷ್ಟು ನಡುಗುತ್ತಿದ್ದ. ತಾನು ಹೊದ್ದುಕೊಳ್ಳುತ್ತಾನೆ ಎಂದುಕೊಂಡೆ. ಅದನ್ನೂ ಭಾವನ ಮೇಲೆ ಹೊದಿಸಿ, ಪಕ್ಕಕ್ಕೆ ಸರಿದು ನಿಂತ. ಅವನ ಹಿಂದೆ ಮತ್ತೊಬ್ಬ ಬಂದ. ಯಾರೂ ಹೇಳಿಕೊಟ್ಟದ್ದಲ್ಲ. ಸರದಿಯಲ್ಲಿ ಬಂದರು, ಒಂದೊಂದು ಎತ್ತಿಕೊಂಡರು, ಹೊದಿಸಿದರು, ಅಂಗಿ ಬನೀನಿನಲ್ಲೇ ಹಿಮದ ಮೇಲೆ ಸುತ್ತ ಕೂತರು.

ಕಾರು ಬಂತು. ದಾನಿ ಕೈಗವಸು ಕಳಚುತ್ತ ಇಳಿದು, ಮುಗುಳ್ನಗುತ್ತಲೇ ಹತ್ತಿರ ಬಂದ. ಕಂಬಳಿಯ ಗುಡ್ಡೆ ಕಂಡ. ಅದರ ಅಂಚಿನಲ್ಲಿ ಲಾಡಿಯಿಲ್ಲದ ಬೂಟು ಕಂಡ. ಫೋಟೋದವನ ಕಡೆ ಕೈಯಾಡಿಸಿದ, ಬೇಡ, ಬೇಡ ಎಂದು.

"ಏನ್ರೀ ಇದು?" ಎಂದು ಕಾರ್ಯದರ್ಶಿಯನ್ನು ಕೇಳಿದ. "ನಾನು ಬದುಕಿರೋರಿಗೆ ಅಂತ ಕಳಿಸಿದ್ದು."

"ಬದುಕಿದ್ದಾಗಲೇ ಬಂದಿತ್ತು ಸಾಹೇಬ್ರೆ," ಎಂದೆ ನಾನು. "ನಿಮ್ಮ ಕೈ ಮುಟ್ಲಿ ಅಂತ ಕಾಯ್ತಾ ಇತ್ತು."

ಕಾರ್ಯದರ್ಶಿ ದಾನಿಯನ್ನು ಒಳಗೆ ಕರೆದುಕೊಂಡು ಹೋಗಲು ನೋಡಿದ, ಬನ್ನಿ ಸಾರ್, ಒಳಗೆ ಬೆಚ್ಚಗಿದೆ ಎಂದು. ದೂರದಲ್ಲಿ ಪೊಲೀಸ್ ಜೀಪಿನ ಸದ್ದು ಕೇಳಿತು. ಯಾರೂ ಏಳಲಿಲ್ಲ. ಒಬ್ಬರೂ ಒಂದು ಕಂಬಳಿಯನ್ನೂ ಮೈಗೆ ಹಾಕಿಕೊಳ್ಳಲಿಲ್ಲ. ಕುಂಟನ ಹಲ್ಲು ಕಟಕಟ ಅನ್ನುತ್ತಿತ್ತು.

ನಾನು ಆ ರಾಶಿಯ ಕೆಳಗೆ ಕೈ ತೂರಿಸಿ ಭಾವನ ಕೈ ಹುಡುಕಿದೆ. ಸಿಕ್ಕಿತು. ಎರಡೂ ಅಂಗೈಯಲ್ಲಿ ಹಿಡಿದು ಉಜ್ಜಿದೆ, ಉಜ್ಜಿದೆ.

"ಇನ್ನೂ ತಣ್ಣಗಿದಾನೆ," ಎಂದೆ. "ಇನ್ನೊಂದು ತನ್ನಿ."